ಎಂಟು ತಿಂಗಳು ಶೆಡ್ಡಿನಲ್ಲೇ ನಿಲ್ಲುವ ಕಾರು: ಬ್ಯಾಟರಿ, ಪೆಟ್ರೋಲ್, ಟೈರು, ಇಲಿ

ಬೆಣ್ಣೆದೋಸೆ_17

ಎಲ್ಲರಿಗೂ ನಮಸ್ಕಾರ. ಕಾರು 2014ರ ಪೆಟ್ರೋಲ್ ಸ್ವಿಫ್ಟ್, ಮ್ಯಾನುಯಲ್ ಗೇರು. ಜಾಗ ದಾವಣಗೆರೆ ವಿದ್ಯಾನಗರ. ಮನೆಗೆ ಅಂಟಿಕೊಂಡ ಶೆಡ್ಡು: ಮೂರು ಕಡೆ ಗೋಡೆ, ಮೇಲೆ ತಗಡಿನ ಶೀಟು, ಮುಂದೆ ಶಟರ್. ನೆಲ ಮುಂದಿನ ಅರ್ಧ ಸಿಮೆಂಟು, ಹಿಂದಿನ ಅರ್ಧ ಬರೀ ಮಣ್ಣು. ಜೂನ್‌ನಿಂದ ಜನವರಿ ತನಕ ಕಾರು ಅಲ್ಲೇ ನಿಲ್ಲುತ್ತೆ. ಮನೇಲಿ ಅಪ್ಪಾಜಿ ಇರ್ತಾರೆ. ಅವರಿಗೆ ಕಾರು ಓಡಿಸೋಕೆ ಬರಲ್ಲ, ಹೇಳಿಕೊಟ್ರೆ ಸೆಲ್ಫ್ ಹೊಡೀತಾರೆ ಅಷ್ಟೆ. "ವಾರಕ್ಕೊಂದು ಸಲ ಐದು ನಿಮಿಷ ಸ್ಟಾರ್ಟ್ ಮಾಡಿಟ್ರೆ ಸಾಕು, ಏನೂ ಆಗಲ್ಲ" ಅಂತ ಎಲ್ಲರೂ ಹೇಳ್ತಾರೆ. ಅಷ್ಟು ಸಾಕಾ?

ಹತ್ತುನಂಬರ್_ಪಾನಾ

ಸಾಕಾಗಲ್ಲ. ಅಷ್ಟೇ ಅಲ್ಲ, ನಿಂತ ಕಾರು ಕೆಡಿಸೋಕೆ ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಲೆಕ್ಕ ಹಾಕಿ ನೋಡ್ರಿ.

ಚಾವಿ ತೆಗೆದ ಮೇಲೂ ಗಡಿಯಾರ, ರಿಮೋಟ್ ಲಾಕ್, ಇಸಿಯು (ಇಂಜಿನ್ ನೋಡಿಕೊಳ್ಳೋ ಕಂಪ್ಯೂಟರ್) ಎಲ್ಲ ಸೇರಿ 30 ಮಿಲಿಆಂಪಿಯರ್ ಹೀರ್ತಾವೆ ಅಂತ ಇಟ್ಕೊಳ್ರಿ. ದಿನಕ್ಕೆ 0.72 ಆಂಪಿಯರ್-ಅವರ್ (ಬ್ಯಾಟರಿಯ ಚಾರ್ಜ್ ಅಳೆಯೋ ಲೆಕ್ಕ), ವಾರಕ್ಕೆ 5. ಐಡ್ಲಿಂಗ್‌ನಲ್ಲಿ, ಅಂದ್ರೆ ಇಂಜಿನ್ ನಿಂತಲ್ಲೇ ಓಡುವಾಗ, ಕರೆಂಟ್ ಹುಟ್ಟಿಸೋ ಆಲ್ಟರ್ನೇಟರ್ ಬ್ಯಾಟರಿಗೆ 10 ಆಂಪಿಯರ್ ಕೊಟ್ರೂ ಐದು ನಿಮಿಷಕ್ಕೆ ಆಗೋದು 0.8. ವಾರದ ಸಾಲ ಐದು, ತೀರಿಸಿದ್ದು ಒಂದೂ ಪೂರ್ತಿ ಇಲ್ಲ. ಹೀಗೆ ಎರಡು ತಿಂಗಳು ನಡೆಸಿದ್ರೆ ಒಂದು ದಿನ "ಟಿಕ್ ಟಿಕ್" ಅನ್ನುತ್ತೆ, ಮುಗೀತು.

ಇನ್ನು ಇಂಜಿನ್. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತೆ, ಆವಿಯಾಗಿ ಸೈಲೆನ್ಸರ್ ಕಡೆ ಹೋಗುತ್ತೆ. ಇಂಜಿನ್, ಸೈಲೆನ್ಸರ್ ಎರಡೂ ಪೂರ್ತಿ ಬಿಸಿ ಆದ್ರೆ ಆ ಆವಿ ಹೊರಗೆ ಹೋಗುತ್ತೆ. ಐದು ನಿಮಿಷದಲ್ಲಿ ಬಿಸಿ ಆಗಲ್ಲ, ಹಾಗಾಗಿ ನೀರು ಒಳಗೇ ನಿಲ್ಲುತ್ತೆ. ಸೈಲೆನ್ಸರ್ ಡಬ್ಬಿ ಒಳಗಿಂದ ತುಕ್ಕು ಹಿಡಿಯುತ್ತೆ. ಸ್ವಲ್ಪ ನೀರು, ಸ್ವಲ್ಪ ಹಸಿ ಪೆಟ್ರೋಲ್ ಇಂಜಿನ್ ಆಯಿಲ್‌ಗೂ ಇಳಿಯುತ್ತೆ. ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ನೋಡ್ರಿ, ಒಳಗಡೆ ಕಾಫಿ ನೊರೆ ಥರ ಬಿಳಿ ಹಳದಿ ಮೆತ್ತಿಕೊಂಡಿದ್ರೆ ಅದೇ ಇದು.

ಹಾಗಾಗಿ ಎರಡೇ ದಾರಿ. ಓಡಿಸೋರು ಸಿಕ್ಕರೆ ಹದಿನೈದು-ಇಪ್ಪತ್ತು ದಿನಕ್ಕೊಮ್ಮೆ ಹೈವೇ ಮೇಲೆ ಹರಿಹರ ತನಕ ಹೋಗಿ ಬರ್ಲಿ. ಅರ್ಧ ಗಂಟೆಗಿಂತ ಮೇಲಾಗುತ್ತೆ, ಎಲ್ಲ ಬಿಸಿ ಆಗುತ್ತೆ, ಬ್ರೇಕು, ಗೇರು, ಟೈರು ಎಲ್ಲಕ್ಕೂ ಕೆಲಸ ಸಿಗುತ್ತೆ. ಎಸಿಯನ್ನೂ ಹತ್ತು ನಿಮಿಷ ಹಾಕಬೇಕು. ಕಂಪ್ರೆಸರ್ ಸೀಲ್‌ಗೆ ಎಣ್ಣೆ ಸೇರೋದು ಅದು ತಿರುಗಿದಾಗ ಮಾತ್ರ. ಓಡಿಸೋರು ಇಲ್ಲ ಅಂದ್ರೆ ಸ್ಟಾರ್ಟೇ ಮಾಡಬೇಡ್ರಿ. ಸರಿಯಾಗಿ ಮಲಗಿಸಿ, ವಾಪಸ್ ಬಂದಾಗ ಎಬ್ಬಿಸ್ರಿ.

ಇನ್ನೊಂದು ಮಾತು, ಇದು ಕಾರಿನ ವಿಷಯ ಅಲ್ಲ, ಜೀವದ ವಿಷಯ. ಶಟರ್ ಇಳಿಸಿ ಒಳಗೆ ಇಂಜಿನ್ ಓಡಿಸಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಶೆಡ್ಡಿನಿಂದ ಮನೆಯೊಳಕ್ಕೆ ಬಾಗಿಲು ಇದ್ರೆ ಮನೆಗೂ ನುಗ್ಗುತ್ತೆ. ಅಪ್ಪಾಜಿಗೆ ಸೆಲ್ಫ್ ಹೊಡೆಯೋಕೆ ಹೇಳಿಕೊಡೋದೇ ಬೇಡ.

ಬೆಣ್ಣೆದೋಸೆ_17

ಓಡಿಸೋರು ಸಿಗಲ್ಲ ಅಣ್ಣ. ಹಾಗಾದ್ರೆ ಮಲಗಿಸೋದೇ. ಬ್ಯಾಟರಿ ಬಿಚ್ಚಿಡಲಾ, ಚಾರ್ಜರ್ ಹಾಕಿಡಲಾ?

ಮೀಟರ್_ಮಾಸ್ತರ್

ನಿಮ್ಮ ಪರಿಸ್ಥಿತಿಗೆ ಬಿಚ್ಚುವುದೇ ಸರಿ. ಮೊದಲು ಪೂರ್ತಿ ಚಾರ್ಜ್ ಮಾಡಿಸಿ. ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ಮೀಟರ್ ಹಿಡಿದರೆ 12.6ರಿಂದ 12.7 ವೋಲ್ಟ್ ತೋರಿಸಬೇಕು. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ ಮಾತ್ರ ಉಳಿದಿದೆ. 12.4ಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಪೂರ್ತಿ ಕರಗುವುದಿಲ್ಲ. "ಹೊಸ ಬ್ಯಾಟರಿ, ಆರೇ ತಿಂಗಳಿಗೆ ಹೋಯ್ತು" ಎನ್ನುವ ದೂರುಗಳಲ್ಲಿ ಎಷ್ಟೋ ಇದೇ ಕಥೆ.

ಬಿಚ್ಚುವಾಗ ಮೊದಲು ಮೈನಸ್, ಹತ್ತು ನಂಬರ್ ಪಾನಾ. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ನೇರ ಶಾರ್ಟ್. ಜೋಡಿಸುವಾಗ ಉಲ್ಟಾ: ಪ್ಲಸ್ ಮೊದಲು, ಮೈನಸ್ ಕೊನೆಗೆ. ಬರೀ ಮೈನಸ್ ಕಳಚಿ ಬ್ಯಾಟರಿಯನ್ನು ಕಾರಿನಲ್ಲೇ ಬಿಟ್ಟರೂ ನಡೆಯುತ್ತದೆ, ಆದರೆ ತಗಡಿನ ಶೆಡ್ಡಿನ ಕಾವಿನಲ್ಲಿ ಬ್ಯಾಟರಿ ತನ್ನಷ್ಟಕ್ಕೇ ಬೇಗ ಇಳಿಯುತ್ತದೆ. ಶಾಖ 10 ಡಿಗ್ರಿ ಏರಿದರೆ ತಾನಾಗಿ ಸೋರುವ ವೇಗ ಸುಮಾರು ಎರಡರಷ್ಟಾಗುತ್ತದೆ. ಹಾಗಾಗಿ ತೆಗೆದು ಮನೆಯೊಳಗೆ ನೆರಳಿನಲ್ಲಿಡಿ. ಬರೀ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎನ್ನುವುದು ಹಳೇ ಕಾಲದ ಮಾತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲ ಏನೂ ಮಾಡುವುದಿಲ್ಲ.

ಎರಡು ತಿಂಗಳಿಗೊಮ್ಮೆ ಅಪ್ಪಾಜಿ ಮೀಟರ್ ಹಿಡಿದು ನೋಡಲಿ. 12.45ಕ್ಕಿಂತ ಇಳಿದಿದ್ದರೆ ಚಾರ್ಜ್. 35 ಆಂಪಿಯರ್-ಅವರ್ ಬ್ಯಾಟರಿಗೆ 3.5 ಆಂಪಿಯರ್ ಸಾಕು, ಹತ್ತರಲ್ಲೊಂದು ಪಾಲು.

ಮಂಡಕ್ಕಿ_ಭಟ್ಟಿ

ಮನೇಲಿ ಯುಪಿಎಸ್ ಇದ್ರೆ ಅದಕ್ಕೇ ಹಾಕಿ ಚಾರ್ಜ್ ಮಾಡಬಹುದಲ್ಲ? ಅದೂ 12 ವೋಲ್ಟೇ.

ಮೀಟರ್_ಮಾಸ್ತರ್

ಬೇಡ. ಆ ಯುಪಿಎಸ್ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿಗೆ ಅಂತ ಮಾಡಿದ್ದು. 10-15 ಆಂಪಿಯರ್ ನೂಕುತ್ತದೆ. 35ರ ಬ್ಯಾಟರಿ ಬಿಸಿಯಾಗಿ ನೀರು ಕುದಿಯುತ್ತದೆ, ಹೈಡ್ರೋಜನ್ ಬಿಡುತ್ತದೆ. ಸಾಲದ್ದಕ್ಕೆ ಕರೆಂಟ್ ಹೋದ ಕೂಡಲೇ ನಿಮ್ಮ ಮನೆಯ ಫ್ಯಾನನ್ನೆಲ್ಲ ಆ ಪುಟ್ಟ ಬ್ಯಾಟರಿ ಮೇಲೆ ಹೇರುತ್ತದೆ. ತಾನೇ ನಿಲ್ಲುವ ಸ್ಮಾರ್ಟ್ ಚಾರ್ಜರ್ ತಗೊಳ್ಳಿ, ತುಂಬಿದ ಮೇಲೆ 13.2ರಿಂದ 13.6 ವೋಲ್ಟಿಗೆ ಇಳಿದು ನಿಲ್ಲುವಂಥದ್ದು. ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಹಾಕಿ ಮರೆತರೆ ಎರಡು ದಿನದಲ್ಲಿ ಬ್ಯಾಟರಿ ಒಣಗಿರುತ್ತದೆ. ಐಡಲ್ ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ಇಂಜಿನ್ ತಾನೇ ನಿಂತು ತಾನೇ ಶುರುವಾಗುವುದು) ಇರುವ ಹೊಸ ಕಾರಾದರೆ ಬ್ಯಾಟರಿ ಬೇರೆ ಜಾತಿಯದು, ಚಾರ್ಜರ್‌ನಲ್ಲಿ ಅದಕ್ಕೆ ತಕ್ಕ ಬಟನ್ ಒತ್ತಬೇಕು.

ಮೂಲ ಪ್ರಶ್ನೆಗೆ ಸಂಬಂಧವಿಲ್ಲ, ಆದರೂ ಹೇಳಿಬಿಡುತ್ತೇನೆ: ಜಿಪಿಎಸ್ ಟ್ರ್ಯಾಕರ್, ಡ್ಯಾಶ್‌ಕ್ಯಾಮ್ ಹಾಕಿಸಿ ಬ್ಯಾಟರಿ ಬಿಚ್ಚದೆ ಬಿಡುವವರಿಗೆ ಲೆಕ್ಕ ಪೂರ್ತಿ ಬೇರೆ. 100 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 2.4. ಒಂದು ವಾರಕ್ಕೆ ಅರ್ಧ ಬ್ಯಾಟರಿ ಖಾಲಿ. ಸ್ಮಾರ್ಟ್ ಕೀ ಇದ್ದರೆ ಅದನ್ನು ಶೆಡ್ಡಿನ ಗೋಡೆಯ ಮೊಳೆಗೆ ನೇತುಹಾಕಬೇಡಿ. ಕೆಲವು ಕಾರುಗಳು ಕೀ ಹತ್ತಿರ ಇದ್ದರೆ ಸರಿಯಾಗಿ ನಿದ್ದೆಗೇ ಹೋಗುವುದಿಲ್ಲ.

ಕೋಟೆ_ಗಾಳಿ

ದುರ್ಗದಿಂದ. ಇಲ್ಲಿ ಬಿಸಿಲು ಬೇಕಾದಷ್ಟಿದೆ ಕಣ್ರೀ, ಶೀಟಿನ ಮೇಲೆ 10 ವ್ಯಾಟಿನ ಸೋಲಾರ್ ಪ್ಯಾನೆಲ್, ಮಧ್ಯೆ ಒಂದು 5 ಆಂಪಿಯರ್ ಕಂಟ್ರೋಲರ್. ಒಳ್ಳೇ ಬಿಸಿಲಲ್ಲಿ ದಿನಕ್ಕೆ 2 ಆಂಪಿಯರ್-ಅವರ್ ಮೇಲೇ ಬರುತ್ತೆ, 0.72 ಸೋರಿಕೆಗೆ ಧಾರಾಳ. ಬ್ಯಾಟರಿ ಬಿಚ್ಚೋ ತಲೆನೋವೇ ಇಲ್ಲ. ಕಂಟ್ರೋಲರ್ ಇಲ್ದೆ ನೇರ ಹಾಕಬಾರದು ಅಷ್ಟೆ. ಬಿಸಿಲಲ್ಲಿ ಪ್ಯಾನೆಲ್ 17-18 ವೋಲ್ಟ್ ಕೊಡುತ್ತೆ. ಪ್ಲಸ್ ವೈರಿಗೆ ಬ್ಯಾಟರಿ ಹತ್ತಿರವೇ ಒಂದು ಫ್ಯೂಸ್ ಇರಲಿ.

ಹತ್ತುನಂಬರ್_ಪಾನಾ

ಅದು ಚಲೋ ಐಡಿಯಾ. ಆದ್ರೆ ಅಪ್ಪಾಜಿ ಒಬ್ರೇ ಇರೋ ಮನೆಗೆ ವೈರು ಕಮ್ಮಿ ಇದ್ದಷ್ಟೂ ಒಳ್ಳೇದು. ಬಿಚ್ಚಿಡೋದೇ ಸರಿ.

ಬೆಣ್ಣೆದೋಸೆ_17

ಬಿಚ್ಚಿಡ್ತೀನಿ. ಪೆಟ್ರೋಲ್ ಫುಲ್ ಟ್ಯಾಂಕಾ, ಖಾಲಿನಾ? ಇದಕ್ಕೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಕೆಎ16_ಕಾರ್ಬುರೇಟರ್

ಒಬ್ಬೊಬ್ಬರು ಒಂದೊಂದು ಹೇಳೋದಕ್ಕೆ ಕಾರಣ ಇದೆ. "ಫುಲ್ ಮಾಡಿಡು" ಅನ್ನೋದು ಕಬ್ಬಿಣದ ಟ್ಯಾಂಕಿನ ಕಾಲದ ಮಾತು. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಹಗಲು ಕಾದು ಗಾಳಿ ಹೊರಗೆ, ರಾತ್ರಿ ತಣಿದು ಹಸಿ ಗಾಳಿ ಒಳಗೆ. ತೇವ ಟ್ಯಾಂಕಿನ ಗೋಡೆಗೆ ಕೂತು ತುಕ್ಕು. ಅದಕ್ಕೇ ತುಂಬಿಸಿಡ್ತಿದ್ದರು.

ಈಗಿನ ಪೆಟ್ರೋಲ್‌ನಲ್ಲಿ ಶೇ 20 ಎಥೆನಾಲ್. ಎಥೆನಾಲ್ ಗಾಳಿಯಲ್ಲಿರೋ ತೇವ ಹೀರುತ್ತೆ. ಹೀರಿದ್ದು ಮಿತಿ ಮೀರಿದರೆ ನೀರೂ ಎಥೆನಾಲೂ ಸೇರಿ ಟ್ಯಾಂಕಿನ ತಳಕ್ಕೆ ಇಳಿದು ಬೇರೆ ಪದರ ಆಗುತ್ತೆ. ಪಂಪ್ ಹೀರೋದು ತಳದಿಂದಲೇ. ಅದರ ಜೊತೆ, ಪೆಟ್ರೋಲ್‌ನ ಹಗುರ ಭಾಗ ಮೊದಲು ಹಾರಿಹೋಗುತ್ತೆ, ಉಳಿದಿದ್ದು ಹಚ್ಚಿದರೆ ಬೇಗ ಹತ್ತಲ್ಲ. ಮೂರು ತಿಂಗಳ ತನಕ ಚಿಂತೆ ಇಲ್ಲ. ಆರು ತಿಂಗಳಿಗೆ ಅನುಮಾನ. ಎಂಟು ತಿಂಗಳಿಗೆ ಏನಾದರೂ ಮಾಡಲೇಬೇಕು.

ಸ್ವಿಫ್ಟ್ ಥರ ಪಂಪ್ ಟ್ಯಾಂಕಿನೊಳಗೇ ಇರೋ ಇಂಜೆಕ್ಷನ್ ಕಾರಿಗೆ ಪೂರ್ತಿ ಖಾಲಿ ಮಾಡಬಾರದು. ಪಂಪ್ ಒಣಗಿ ಕೂತರೆ ಹಿಡಿದುಕೊಳ್ಳುತ್ತೆ. ನನ್ನ ಲೆಕ್ಕ: 8-10 ಲೀಟರ್ ಬಿಟ್ಟು, ಅದಕ್ಕೆ ಫ್ಯೂಯಲ್ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದ ಹಾಗೆ ತಡೆಯೋ ಔಷಧಿ) ಡಬ್ಬಿ ಮೇಲೆ ಹೇಳಿದಷ್ಟು ಹಾಕಿ, ಹದಿನೈದು ನಿಮಿಷ ಓಡಿಸಿ ನಿಲ್ಲಿಸೋದು. ಹಾಗೆ ಓಡಿಸಿದರೇ ಔಷಧಿ ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ತನಕ ತಲುಪೋದು, ಬರೀ ಟ್ಯಾಂಕಿಗೆ ಸುರಿದು ಚಾವಿ ತೆಗೆದರೆ ಪೈಪಿನಲ್ಲಿ ಹಳೇ ಪೆಟ್ರೋಲೇ ಉಳಿಯುತ್ತೆ. ಜನವರಿಯಲ್ಲಿ ಬಂದಾಗ ಹೊಸ ಪೆಟ್ರೋಲ್ 20 ಲೀಟರ್ ಸುರಿದರೆ ಹಳೇದು ಮೂರರಲ್ಲೊಂದು ಪಾಲು ಆಗುತ್ತೆ, ಇಂಜಿನ್‌ಗೆ ಗೊತ್ತೇ ಆಗಲ್ಲ.

ಕೋಟೆ_ಗಾಳಿ

ಇದನ್ನ ಒಪ್ಪಲ್ಲ. ಸ್ಟೆಬಿಲೈಸರ್ ಹಾಕೋದಾದ್ರೆ ಫುಲ್ ಟ್ಯಾಂಕೇ ಮೇಲು. ಗಾಳಿಗೆ ಜಾಗವೇ ಇಲ್ಲ ಅಂದ್ರೆ ತೇವ ಎಲ್ಲಿಂದ ಬರುತ್ತೆ?

ಕೆಎ16_ಕಾರ್ಬುರೇಟರ್

ತೇವದ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೆ ಹೆಚ್ಚುಕಡಿಮೆ ಆದರೆ 42 ಲೀಟರ್ ಹಳೇ ಪೆಟ್ರೋಲ್ ಇಳಿಸೋದು, ಎಲ್ಲಿ ಚೆಲ್ಲೋದು? ಅದರ ಮೇಲೆ ತಗಡಿನ ಶೆಡ್ಡು, ಮನೆಗೆ ಅಂಟಿಕೊಂಡಿದೆ. 10 ಲೀಟರ್ ಇದ್ದರೆ ಕೆಟ್ಟರೂ ಹೊಸದರಲ್ಲಿ ಕರಗಿಹೋಗುತ್ತೆ. ನಾಲ್ಕು ತಿಂಗಳ ಮಾತಾದರೆ ಫುಲ್ ಮಾಡಿ ಅಂತ ನಾನೂ ಹೇಳ್ತಿದ್ದೆ.

ಅಂಬಾಸಿಡರ್, ಪದ್ಮಿನಿ, ಹಳೇ 800 ಇರೋರಿಗೆ ಬೇರೆ ಪಾಠ. ಅಲ್ಲಿ ಕೆಡೋದು ಗಾಳಿ-ಪೆಟ್ರೋಲ್ ಬೆರೆಸೋ ಕಾರ್ಬುರೇಟರ್. ಬೌಲ್‌ನಲ್ಲಿ ನಿಂತ ಪೆಟ್ರೋಲ್ ಆರಿ ಬೆಲ್ಲದ ಪಾಕದ ಥರ ಅಂಟಾಗುತ್ತೆ, ಜೆಟ್ ತೂತು ಮುಚ್ಚುತ್ತೆ. ನಿಲ್ಲಿಸೋ ದಿನ ಬಯಲಲ್ಲಿ, ತಣ್ಣಗಿರೋ ಇಂಜಿನ್‌ನಲ್ಲಿ, ಟ್ಯಾಂಕಿನಿಂದ ಪಂಪಿಗೆ ಬರೋ ಪೈಪ್ ಕಳಚಿ ಬೋಲ್ಟ್ ಹಾಕಿ ಮುಚ್ಚಿ. ಚೆಲ್ಲಿದ್ದನ್ನ ಒರೆಸಿ ಆರಿಸಿ. ಆಮೇಲೆ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲೋ ತನಕ ಬಿಡಿ. ಬೌಲ್ ಒಣಗಿತು ಅಂತ ಅರ್ಥ. ಪೈಪು, ಪಂಪಿನ ಡಯಾಫ್ರಮ್ ಎಥೆನಾಲ್‌ಗೆ ಮೊದಲಿನ ಕಾಲದ ರಬ್ಬರ್ ಆಗಿದ್ದರೆ ಊದಿಕೊಂಡು ಬಿರುಕು ಬಿಡುತ್ತೆ, ಬದಲಾಯಿಸಿಬಿಡಿ. ಪೆಟ್ರೋಲ್ ಸೋರಿಕೆ ನಿಂತ ಕಾರಲ್ಲೇ ಹೆಚ್ಚು ಅಪಾಯ, ಯಾಕಂದರೆ ಯಾರೂ ನೋಡ್ತಿರಲ್ಲ.

ಡೀಸೆಲ್‌ಗೆ ಇಷ್ಟು ರಗಳೆ ಇಲ್ಲ. ತುಂಬಿಸಿಡಿ, ಬಂದ ಮೇಲೆ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸಿ. ಬಿಎಸ್6 ಡೀಸೆಲ್‌ನಲ್ಲಿ ಆಡ್‌ಬ್ಲೂ (ಹೊಗೆ ಶುದ್ಧ ಮಾಡೋ ಯೂರಿಯಾ ದ್ರಾವಣ) ಇದ್ದರೆ ಅದು 30 ಡಿಗ್ರಿಯಲ್ಲಿ ವರ್ಷ, 35 ಡಿಗ್ರಿಯಲ್ಲಿ ಆರು ತಿಂಗಳು ಕೆಡದೆ ಇರುತ್ತೆ ಅಂತ ಲೆಕ್ಕ. ಸಿಎನ್‌ಜಿ ಇದ್ದರೆ ಸಿಲಿಂಡರ್ ಮೇಲಿನ ಕೈವಾಲ್ವ್ ತಿರುಗಿಸಿ ಮುಚ್ಚಿಡಿ.

ಹತ್ತುನಂಬರ್_ಪಾನಾ

ಇಂಜಿನ್ ಆಯಿಲ್ ನಿಲ್ಲಿಸೋ ಮೊದಲು ಬದಲಾಯಿಸ್ರಿ, ಬಂದ ಮೇಲಲ್ಲ. ಬಳಸಿದ ಆಯಿಲ್‌ನಲ್ಲಿ ಆಮ್ಲ, ತೇವ ಇರುತ್ತೆ, ಎಂಟು ತಿಂಗಳು ಬೇರಿಂಗಿಗೆ ಮೆತ್ತಿಕೊಂಡೇ ಇರುತ್ತೆ. ಹೊಸಾ ಆಯಿಲ್ ಹಾಕಿ ಅದೇ ಹದಿನೈದು ನಿಮಿಷದ ಓಟದಲ್ಲಿ ಎಲ್ಲ ಕಡೆ ಹರಡಲಿ. ಕೂಲಂಟ್ ಬಾಟಲಿಯಲ್ಲಿ ಬಣ್ಣ ಮಾಸಿ ನೀರಿನ ಥರ ಆಗಿದ್ರೆ ಅದನ್ನೂ ಬದಲಾಯಿಸ್ರಿ. ಬೋರ್ ನೀರು ತುಂಬಿಸಬೇಡ್ರಿ. ಸ್ನಾನದ ಬಿಂದಿಗೆಗೆ ಕೂರೋ ಬಿಳಿ ಪದರ ನೋಡಿದ್ದೀರಲ್ಲ, ರೇಡಿಯೇಟರ್ ಒಳಗೂ ಅದೇ ಕೂರೋದು. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ಹ್ಯಾಂಡ್‌ಬ್ರೇಕ್ ಹಾಕಬೇಡ್ರಿ. ಇದನ್ನ ದಪ್ಪಕ್ಷರದಲ್ಲಿ ಬರೀಬೇಕು. ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿಗೆ ಬ್ರೇಕ್ ಶೂ ಒತ್ತಿಕೊಂಡೇ ಮಳೆಗಾಲ ಕಳೆದ್ರೆ ತುಕ್ಕು ಎರಡನ್ನೂ ಬೆಸೆದುಬಿಡುತ್ತೆ. ಒಂದನೇ ಗೇರಲ್ಲಿ ಬಿಟ್ಟು, ಚಕ್ರಕ್ಕೆ ಹಿಂದೆ ಮುಂದೆ ಮರದ ದಿಮ್ಮಿ ಕೊಡ್ರಿ. ಈಗಾಗಲೇ ಹಿಡಿದುಕೊಂಡಿರೋ ಕಾರಾದ್ರೆ ಕ್ಲಚ್ ಬಿಟ್ಟು ಎಳೆದಾಡಬೇಡ್ರಿ, ಶೂ ಮೇಲಿನ ಲೈನಿಂಗ್ ಕಿತ್ತು ಡ್ರಮ್ಮಿಗೇ ಅಂಟಿಕೊಳ್ಳುತ್ತೆ. ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬನ್ರಿ, "ಟಕ್" ಅಂತ ಬಿಡುತ್ತೆ.

ಟೈರ್ ಬಗ್ಗೆ ಯಾರಾದ್ರೂ ಬರೀರಪ್ಪಾ, ಕೈ ನೋವು ಬಂತು.

ಕೋಟೆ_ಗಾಳಿ

ನಾನು ಬರೀತೀನಿ. ಟೈರಿಗೆ ಸಾಮಾನ್ಯ ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ. 30ರ ಆಸುಪಾಸು ಇರುತ್ತೆ. ನಿಲ್ಲಿಸುವಾಗ 40-42 ಪಾಯಿಂಟ್ ಹಾಕಿಸಿ. ಟೈರಿನ ಪಕ್ಕದಲ್ಲಿ ಗರಿಷ್ಠ ಎಷ್ಟು ಅಂತ ಅಚ್ಚಾಗಿರುತ್ತೆ, ಅದನ್ನ ಮೀರಬಾರದು. ತಿಂಗಳಿಗೆ ಒಂದೋ ಎರಡೋ ಪಾಯಿಂಟ್ ತಾನಾಗಿ ಇಳಿಯುತ್ತೆ, ಎಂಟು ತಿಂಗಳಿಗೆ ಸರಿಹೋಗುತ್ತೆ. ಗಾಳಿ ಕಮ್ಮಿ ಇದ್ದರೆ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಉಳಿದು, ಓಡಿಸುವಾಗ 60-70ರಲ್ಲಿ ಸ್ಟೀರಿಂಗ್ ನಡುಗುತ್ತೆ. ಸ್ವಲ್ಪ ಚಪ್ಪಟೆ ಆಗಿದ್ದರೆ 20-30 ಕಿಲೋಮೀಟರ್ ಓಡಿಸಿ ಬಿಸಿಯಾದ ಮೇಲೆ ಸರಿಹೋಗುತ್ತೆ, ಜಾಸ್ತಿ ಆಗಿದ್ದರೆ ಇಲ್ಲ.

ಸ್ಟ್ಯಾಂಡ್ ಮೇಲೆ ಎತ್ತಿಡೋದು ಇನ್ನೂ ಒಳ್ಳೇದು, ಆದ್ರೆ ನಿಮ್ಮ ಶೆಡ್ಡಿನ ಹಿಂದಿನ ಅರ್ಧ ಮಣ್ಣು. ಮಳೆಗಾಲದಲ್ಲಿ ಮಣ್ಣು ಸಡಿಲ ಆಗಿ ಸ್ಟ್ಯಾಂಡ್ ಓರೆಯಾದ್ರೆ ಕಾರು ಉರುಳುತ್ತೆ. ಹಾಲೋ ಬ್ಲಾಕು, ಇಟ್ಟಿಗೆ ಮೇಲೆ ಕಾರು ಇಡೋದಂತೂ ಕನಸಲ್ಲೂ ಬೇಡ. ಹಾಲೋ ಬ್ಲಾಕ್ ಯಾವ ಸೂಚನೆಯೂ ಕೊಡದೆ ಪುಡಿಯಾಗುತ್ತೆ. ನಿಮಗೆ ಗಾಳಿ ಜಾಸ್ತಿ ಹಾಕಿಸೋದೇ ಸಾಕು, ಜೊತೆಗೆ ತಿಂಗಳಿಗೊಮ್ಮೆ ಗೇರ್ ನ್ಯೂಟ್ರಲ್ ಮಾಡಿ, ದಿಮ್ಮಿ ತೆಗೆದು, ಇಬ್ಬರು ಸೇರಿ ಚಕ್ರ ಕಾಲು ಸುತ್ತು ತಿರುಗುವಷ್ಟು ತಳ್ಳಿದರೆ ಆಯ್ತು. ಒಂದೂವರೆ ಅಡಿ ಆಚೀಚೆ ಸಾಕು. ಬ್ರೇಕ್ ಪೆಡಲ್ ಹತ್ತಿರ ಒಬ್ಬರು ಕೂತಿರಲೇಬೇಕು. ಇಂಜಿನ್ ಓಡದೆ ಇದ್ದಾಗ ಪೆಡಲ್ ಗಟ್ಟಿ ಇರುತ್ತೆ, ಜೋರಾಗಿ ಒತ್ತಬೇಕು ಅಂತ ಮೊದಲೇ ಹೇಳಿಡಿ. ತಳ್ಳಿ ಆದ ಮೇಲೆ ಮತ್ತೆ ಗೇರು, ಮತ್ತೆ ದಿಮ್ಮಿ.

ಮಣ್ಣಿನ ನೆಲದ ತೇವ ಕಾರಿನ ತಳಕ್ಕೆ ಏರುತ್ತೆ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಹಿಂದಿನ ಚಕ್ರದ ಕೆಳಗೆ ಕಡಪಾ ಕಲ್ಲು ಕೊಡಿ. ಮರದ ಹಲಗೆ ಕೊಡಬೇಡಿ, ಗೆದ್ದಲು ಹಲಗೆಯಿಂದ ಶುರು ಮಾಡಿ ಒಳಗಿನ ಮ್ಯಾಟ್ ತನಕ ಬರುತ್ತೆ. ಮೇಲೆ ಹೇಳಿದ ದಿಮ್ಮಿಯೂ ಸಿಮೆಂಟ್ ಕಡೆಯ ಚಕ್ರಕ್ಕೇ ಇರಲಿ.

ಕವರ್ ಬಗ್ಗೆ: ಟಾರ್ಪಾಲ್ ಬೇಡ, ಒಳಗೆ ಬೆವರುತ್ತೆ. ಗಾಳಿಯಾಡೋ ಬಟ್ಟೆ ಕವರು, ಇಲ್ಲ ಹಳೇ ಕಾಟನ್ ಸೀರೆ ಎರಡು. ಆದ್ರೆ ನಮ್ಮ ಜೋಗಿಮಟ್ಟಿ ಕಡೆಯ ಗಾಳಿಗೆ, ಬಾಗಿಲು ಇಲ್ಲದ ಶೆಡ್ಡಲ್ಲಿ, ಕವರೇ ವೈರಿ. ಗಾಳಿಗೆ ಪಟಪಟ ಬಡಿದು, ಕೆಳಗಿನ ಧೂಳಿನ ಜೊತೆ ಸೇರಿ ಮರಳು ಕಾಗದ ಉಜ್ಜಿದ ಹಾಗೆ ಪೇಂಟ್ ತೆಗೆಯುತ್ತೆ. ಕಾರು ತೊಳೆದು, ಒರೆಸಿ, ವ್ಯಾಕ್ಸ್ ಹಚ್ಚಿ ಆಮೇಲೆ ಕವರ್. ಹೊಟ್ಟೆ ಕೆಳಗೆ ಹಗ್ಗ ಹಾದು ಬಿಗಿ ಕಟ್ಟಿ. ನಿಮಗೆ ಶಟರ್ ಇದೆ, ಸೀರೆ ಸಾಕು.

ಮಂಡಕ್ಕಿ_ಭಟ್ಟಿ

ಇಷ್ಟೊತ್ತು ಎಲ್ಲ ಬರೆದ್ರಿ, ನಿಜವಾದ ಯಜಮಾನನ ಸುದ್ದಿಯೇ ಇಲ್ಲ. ಇಲಿ! ದಾವಣಗೆರೆಯಲ್ಲಿ ಅಕ್ಕಿ ಗಿರಣಿ, ಮೆಕ್ಕೆಜೋಳದ ಗೋದಾಮು, ಮಂಡಕ್ಕಿ ಭಟ್ಟಿ ಇರೋ ತನಕ ಇಲಿಗೆ ಬರ ಇಲ್ಲ. ಬ್ಯಾಟರಿ ಹೋದ್ರೆ ಬ್ಯಾಟರಿ ದುಡ್ಡು. ವೈರಿಂಗ್ ಹೋದ್ರೆ ಡ್ಯಾಶ್‌ಬೋರ್ಡ್ ಬಿಚ್ಚಿ ಹುಡುಕಬೇಕು, ಅದರ ಬಿಲ್ ಕೇಳಿದ್ರೆ ತಲೆ ತಿರುಗುತ್ತೆ.

ಮೊದಲು ಶೆಡ್ಡಲ್ಲಿ ಏನಿದೆ ನೋಡ್ರಿ. ಜೋಳದ ಚೀಲ, ಕೋಳಿ ಮೇವು, ಹಳೇ ಹಾಸಿಗೆ, ರದ್ದಿ ಪೇಪರ್ ಇದ್ರೆ ಬೇರೆ ಕಡೆ ಸಾಗಿಸ್ರಿ. ಊಟ ಮತ್ತು ಹಾಸಿಗೆ ಎರಡೂ ಒಂದೇ ಕಡೆ ಸಿಕ್ಕರೆ ಇಲಿ ಯಾಕೆ ಹೋಗುತ್ತೆ? ಗೊಬ್ಬರದ ಚೀಲನೂ ಬೇಡ. ಪೊಟ್ಯಾಷ್, ಯೂರಿಯಾ ತೇವ ಎಳೆದು ಹತ್ತಿರದ ಕಬ್ಬಿಣ ತಿನ್ನುತ್ತೆ. ಟಾಯ್ಲೆಟ್ ಆಸಿಡ್ ಬಾಟಲಿಯಂತೂ ಮುಚ್ಚಳ ಹಾಕಿದ್ರೂ ಹೊಗೆ ಬಿಡುತ್ತೆ, ಪಾನಾ ಸೆಟ್‌ಗೆಲ್ಲ ಕೆಂಪು ತುಕ್ಕು ಬಂದಿರುತ್ತೆ.

ಶಟರ್ ಕೆಳಗಿನ ಸಂದು ಎಷ್ಟಿದೆ? ಸುಂಡಿಲಿಗೆ 6 ಮಿಲಿಮೀಟರ್ ಸಾಕು, ದೊಡ್ಡ ಇಲಿಗೆ 12. ಕಾಲು ಇಂಚಿನ ಕಬ್ಬಿಣದ ಜಾಲರಿ ತಂದು ಶೀಟು-ಗೋಡೆ ಮಧ್ಯದ ಸಂದು, ನೀರಿನ ಪೈಪ್ ತೂತು ಎಲ್ಲ ಮುಚ್ಚಿ. ಪ್ಲಾಸ್ಟಿಕ್ ಸೊಳ್ಳೆ ಪರದೆ ಪ್ರಯೋಜನ ಇಲ್ಲ, ಕಡಿದು ಬರುತ್ತೆ. ಮಣ್ಣಿನ ನೆಲದಲ್ಲಿ ಹೆಗ್ಗಣ ತೋಡುತ್ತೆ, ಬಿಲ ಇದ್ರೆ ಗಾಜಿನ ಚೂರು ತುಂಬಿ ಸಿಮೆಂಟ್ ಹಾಕ್ರಿ.

ಇನ್ನು ಕಾರು. ಇಲಿ ಒಳಗೆ ಹೋಗೋ ಬಾಗಿಲು ಮೂರು: ಏರ್ ಫಿಲ್ಟರ್ ಡಬ್ಬಿಯ ಮೂತಿ, ಸೈಲೆನ್ಸರ್ ಬಾಯಿ, ಮತ್ತೆ ವೈಪರ್ ಬುಡದ ಜಾಲಿ. ಮೊದಲೆರಡಕ್ಕೆ ಜಾಲರಿ ಉಂಡೆ ಮಾಡಿ ತುರುಕಿ ತಂತಿ ಬಿಗಿರಿ. ಮೂರನೇದರಿಂದ ಬ್ಲೋವರ್‌ಗೆ (ಎಸಿ ಗಾಳಿ ಊದೋ ಫ್ಯಾನ್) ಇಳಿದು ಗೂಡು ಕಟ್ಟುತ್ತೆ. ಚಾವಿ ತೆಗೆಯೋ ಮುಂಚೆ ಎಸಿ ಗಾಳಿ ಒಳಗೇ ತಿರುಗೋ ಕಡೆಗೆ ಹಾಕಿ ಬಿಡ್ರಿ, ಹೊರಗಿನ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತೆ. ಬಹಳ ಜನಕ್ಕೆ ಗೊತ್ತಿಲ್ಲ ಇದು. ಅದಕ್ಕೂ ಮುಂಚೆ ಐದು ನಿಮಿಷ ಎಸಿ ಆಫ್ ಮಾಡಿ ಬರೀ ಫ್ಯಾನ್ ಓಡಿಸ್ರಿ, ಒಳಗಿನ ಕಾಯಿಲ್ ಒಣಗಿ ಬೂಷ್ಟು ವಾಸನೆ ಬರಲ್ಲ. ಸೀಟ್ ಕೆಳಗೆ ಬಿದ್ದಿರೋ ಮಂಡಕ್ಕಿ, ಖಾರ, ಬಿಸ್ಕತ್ ಚೂರು ವ್ಯಾಕ್ಯೂಮ್ ಮಾಡಿ ತೆಗೀರಿ. ದಾವಣಗೆರೆ ಕಾರಲ್ಲಿ ಮಂಡಕ್ಕಿ ಇರಲೇಬೇಕು, ಇಲ್ಲ ಅನ್ನಬೇಡ್ರಿ.

ಇಲಿ ಬಂದಿದೆಯೋ ಇಲ್ಲವೋ ತಿಳಿಯೋಕೆ ಬಾನೆಟ್ ತೆಗೆಯೋದೇ ಬೇಡ. ನಾಲ್ಕೂ ಟೈರಿನ ಸುತ್ತ ರಂಗೋಲಿ ಪುಡಿ ತೆಳ್ಳಗೆ ಉದುರಿಸ್ರಿ. ಇಲಿ ಕಾರು ಹತ್ತೋದು ಬಹುಪಾಲು ಟೈರ್ ಮೇಲಿಂದಲೇ. ಬೆಳಿಗ್ಗೆ ಟಾರ್ಚ್ ಓರೆ ಹಿಡಿದು ನೋಡಿದ್ರೆ ಸಣ್ಣ ಸಣ್ಣ ಬೆರಳಿನ ಗುರುತು, ಮಧ್ಯೆ ಬಾಲ ಎಳೆದ ಒಂದು ಗೆರೆ ಕಾಣುತ್ತೆ. ಟೈರಿನ ಕಡೆ ಹೋದ ಗುರುತು ಇದೆ, ವಾಪಸ್ ಬಂದಿದ್ದಿಲ್ಲ ಅಂದ್ರೆ ಅದು ಇನ್ನೂ ಮೇಲೇ ಇದೆ. ಹಿಟ್ಟು ಉದುರಿಸಬೇಡ್ರಿ ಮತ್ತೆ, ಅದು ಊಟಕ್ಕೆ ಕರೆದ ಹಾಗೆ.

ಮೀಟರ್_ಮಾಸ್ತರ್

ಹೊಗೆಸೊಪ್ಪು, ನುಸಿಗುಳಿಗೆ, ಅಲ್ಟ್ರಾಸಾನಿಕ್ ಪೆಟ್ಟಿಗೆ?

ಮಂಡಕ್ಕಿ_ಭಟ್ಟಿ

ಹೊಗೆಸೊಪ್ಪು ವಾಸನೆ ಇರೋ ತನಕ ಕೆಲಸ ಮಾಡುತ್ತೆ, ಎರಡು-ಮೂರು ವಾರ. ಬದಲಾಯಿಸೋರು ಇದ್ರೆ ಸರಿ. ನುಸಿಗುಳಿಗೆ ಕಾರಿನ ಒಳಗೆ ಹಾಕಬೇಡ್ರಿ. ಅದರ ಆವಿ ಆರೋಗ್ಯಕ್ಕೆ ಒಳ್ಳೇದಲ್ಲ, ಸೀಟ್ ಬಟ್ಟೆಗೆ ಹಿಡಿದ್ರೆ ತಿಂಗಳುಗಟ್ಟಲೆ ಹೋಗಲ್ಲ. ಅಲ್ಟ್ರಾಸಾನಿಕ್ ಪೆಟ್ಟಿಗೆಗೆ ಇಲಿ ನಾಲ್ಕು ದಿನದಲ್ಲಿ ಒಗ್ಗಿಕೊಳ್ಳುತ್ತೆ, ಆ ದುಡ್ಡಲ್ಲಿ ಜಾಲರಿ ತರ್ರಿ.

ವಿಷದ ಕೇಕ್ ಮಾತ್ರ ಬೇಡ್ವೇ ಬೇಡ. ತಿಂದ ಕೂಡಲೇ ಸಾಯಲ್ಲ, ಮೂರು-ನಾಲ್ಕು ದಿನ ಬೇಕು. ಆ ಮೂರು-ನಾಲ್ಕು ದಿನದಲ್ಲಿ ಎಲ್ಲಿ ಹೋಗಿ ಮಲಗುತ್ತೆ? ಬ್ಲೋವರ್ ಒಳಗೆ. ಆ ವಾಸನೆ ತೆಗೆಯೋಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಬೋನು ಇಲ್ಲ ಸ್ಪ್ರಿಂಗ್ ಕತ್ತರಿ ಇಡ್ರಿ, ಗೋಡೆಗೆ ಒತ್ತಿ ಇಡ್ರಿ, ನಡುಮಧ್ಯೆ ಅಲ್ಲ. ಇಲಿ ಗೋಡೆ ಬದಿಯಲ್ಲೇ ಓಡೋದು. ಒಳಗೆ ಚಳ್ಳಕೆರೆ ಶೇಂಗಾ ಹುರಿದು ಜಜ್ಜಿ ಇಟ್ರೂ ಆಯ್ತು, ಮೆಣಸಿನಕಾಯಿ ಬಜ್ಜಿ ತುಂಡು ಇಟ್ರೆ ಇನ್ನೂ ಬೇಗ. ಎಣ್ಣೆ ವಾಸನೆಗೆ ಬರುತ್ತೆ.

ಕೆಎ16_ಕಾರ್ಬುರೇಟರ್

ಬಾನೆಟ್ ತೆಗೆದೇ ಇಡೋದೂ ಒಂದು ಉಪಾಯ. ಕತ್ತಲೆ, ಮುಚ್ಚಿದ ಜಾಗ ಇದ್ದರೇ ಗೂಡು ಕಟ್ಟೋದು. ಬ್ಯಾಟರಿ ಹೇಗೂ ಬಿಚ್ಚಿರೋದರಿಂದ ಅಲಾರಂ ಹೊಡೆಯೋ ಭಯ ಇಲ್ಲ.

ಬಾಗಿಲ ರಬ್ಬರ್ ಬೀಡಿಂಗ್‌ಗೆ ಕೊಬ್ಬರಿ ಎಣ್ಣೆ ಹಚ್ಚೋ ಅಭ್ಯಾಸ ಇದೆ, ಬಿಟ್ಟುಬಿಡಿ. ಧೂಳು ಹಿಡಿಯುತ್ತೆ, ಇಲಿಗೂ ಇಷ್ಟ. ಸಿಲಿಕೋನ್ ಸ್ಪ್ರೇ ಬಟ್ಟೆಗೆ ಹೊಡೆದು ಒರೆಸಿ ಸಾಕು. ವೈಪರ್ ಕಡ್ಡಿ ಗಾಜಿಗೆ ಅಂಟದ ಹಾಗೆ ಕೆಳಗೆ ಬಟ್ಟೆ ಸುತ್ತಿಡಿ.

ಲೆಕ್ಕದ_ಪುಸ್ತಕ

ಕಾಗದ ಪತ್ರ ಯಾರೂ ನೆನೆಸಲಿಲ್ಲ. ಕಾರು ನಿಂತಿದೆ ಅಂತ ಇನ್ಶೂರೆನ್ಸ್ ಬಿಡಬೇಡಿ. ಮುಗಿದ ಮೇಲೆ 90 ದಿನದೊಳಗೆ ನವೀಕರಿಸದಿದ್ದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೆ ಇದ್ದದ್ದಕ್ಕೆ ಸಿಗೋ ರಿಯಾಯಿತಿ) ಹೋಗುತ್ತೆ. ಗ್ಯಾಪ್ ಆದಮೇಲೆ ಕಾರು ತಪಾಸಣೆ ಆಗದೆ ಫುಲ್ ಪಾಲಿಸಿ ಕೊಡೋದೂ ಕಷ್ಟ. ಥರ್ಡ್ ಪಾರ್ಟಿ ಇಲ್ಲದೆ ರಸ್ತೆಗೆ ಇಳಿಸುವ ಹಾಗೇ ಇಲ್ಲ, ಗೇಟಿನಿಂದ ಮೆಕ್ಯಾನಿಕ್ ಅಂಗಡಿ ತನಕವೂ. ಪಾಲಿಸಿಯಲ್ಲಿ ಇಲಿ ಕಡಿತ ಸೇರಿದೆಯಾ ಅಂತ ಓದಿ ನೋಡಿ, ಎಲ್ಲದರಲ್ಲೂ ಇರಲ್ಲ. ಹೊಗೆ ತಪಾಸಣೆ ಸರ್ಟಿಫಿಕೇಟ್ ನಿಂತಾಗ ಮುಗಿದರೆ ಪರವಾಗಿಲ್ಲ, ಹೊರಗೆ ತೆಗೆದ ದಿನವೇ ಮಾಡಿಸಿ.

2014ರ ಕಾರಿಗೆ ಆರ್‌ಸಿ 15 ವರ್ಷ, ಅಂದರೆ 2029. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಆ ದಿನಾಂಕ ನೀವು ಊರಲ್ಲಿಲ್ಲದ ತಿಂಗಳಿಗೆ ಬಿದ್ದರೆ ಮುಂಚೆಯೇ ಆರ್‌ಟಿಒ ಕೆಲಸ ಮುಗಿಸಿಕೊಳ್ಳಿ.

ಬೆಣ್ಣೆದೋಸೆ_17

ತುಂಬಾ ಉಪಕಾರ ಆಯ್ತು. ಕೊನೇ ಪ್ರಶ್ನೆ: ಜನವರಿಯಲ್ಲಿ ಬಂದು ಬ್ಯಾಟರಿ ಹಾಕಿ ಸೀದಾ ಸೆಲ್ಫ್ ಹೊಡೆಯಬಹುದಾ?

ಹತ್ತುನಂಬರ್_ಪಾನಾ

ತಡೀರಿ, ಅವಸರ ಮಾಡಬೇಡ್ರಿ. ಮೊದಲು ಜಾಲರಿ ಉಂಡೆ ಎರಡೂ ತೆಗೀರಿ. ಸೈಲೆನ್ಸರ್ ಮುಚ್ಚಿಟ್ಟು ಸೆಲ್ಫ್ ಹೊಡೆದು "ಇಂಜಿನ್ ಹಿಡಿದುಕೊಂಡಿದೆ" ಅಂತ ಮೆಕ್ಯಾನಿಕ್ ಕರೆಸೋರು ಇದ್ದಾರೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಒಳಗೆ ಗೂಡು, ಹಿಕ್ಕೆ ಇದೆಯಾ ನೋಡ್ರಿ. ಟಾರ್ಚ್ ಹಿಡಿದು ಇಂಜೆಕ್ಟರ್ ವೈರು, ಪೆಟ್ರೋಲ್ ಪೈಪು ಕೈಯಲ್ಲಿ ಸವರಿ ನೋಡ್ರಿ. ವೈರಿನ ಒಳಗಿನ ತಾಮ್ರ ಕಾಣ್ತಿದ್ರೆ ಬ್ಯಾಟರಿ ಜೋಡಿಸಲೇಬೇಡ್ರಿ. ಕಾರಿನ ಕೆಳಗೆ ಹಾಸಿದ ಪ್ಲಾಸ್ಟಿಕ್ ಮೇಲೆ ಏನು ಬಿದ್ದಿದೆ ನೋಡ್ರಿ, ಸೋರಿಕೆ ಇದ್ರೆ ಅದೇ ಹೇಳುತ್ತೆ. ಆಯಿಲ್ ಕಡ್ಡಿ, ಕೂಲಂಟ್, ಬ್ರೇಕ್ ಆಯಿಲ್ ಮಟ್ಟ ನೋಡ್ರಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಎರಡು ವರ್ಷ ದಾಟಿದ್ರೆ ಬದಲಾಯಿಸಿಬಿಡ್ರಿ.

ಬ್ಯಾಟರಿ ಜೋಡಿಸಿ, ಚಾವಿ ಆನ್ ಮಾಡಿ ಎರಡು ಸೆಕೆಂಡ್, ಆಫ್. ಹೀಗೆ ಮೂರು ಸಲ. ಹಿಂದಿನ ಸೀಟಿನ ಕೆಳಗೆ ಪಂಪ್ "ಝುಂಯ್" ಅನ್ನಬೇಕು, ಪೈಪಲ್ಲಿ ಪೆಟ್ರೋಲ್ ಒತ್ತಡ ಬರುತ್ತೆ. ಶಬ್ದ ಇಲ್ಲ ಅಂದ್ರೆ ಸೆಲ್ಫ್ ಹೊಡೆದು ಬ್ಯಾಟರಿ ಕಳೀಬೇಡ್ರಿ, ಫ್ಯೂಸ್ ನೋಡ್ರಿ. ಶಬ್ದ ಇದ್ರೆ ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಐದು ಸೆಕೆಂಡ್ ಸೆಲ್ಫ್. ಬಹುತೇಕ ಇಂಜೆಕ್ಷನ್ ಕಾರಲ್ಲಿ ಹಾಗೆ ಒತ್ತಿದ್ರೆ ಪೆಟ್ರೋಲ್ ನಿಲ್ಲುತ್ತೆ, ಇಂಜಿನ್ ತಿರುಗಿ ಆಯಿಲ್ ಮಾತ್ರ ಮೇಲೇರುತ್ತೆ. ಆದ್ರೂ ಗೇರು ನ್ಯೂಟ್ರಲ್ ಇರಲಿ, ಇಂಜಿನ್ ಹೊತ್ತಿಕೊಂಡ್ರೆ ತಕ್ಷಣ ಕಾಲು ತೆಗೀರಿ. ಒಂದು ನಿಮಿಷ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡ್ರಿ. ಶಟರ್ ಪೂರ್ತಿ ಮೇಲಿರಲಿ.

ಆಯಿಲ್ ದೀಪ ಆರಬೇಕು, ಒಂದೆರಡು ಸೆಕೆಂಡಲ್ಲಿ. ಆರದಿದ್ರೆ ನಿಲ್ಲಿಸ್ರಿ. ಇಂಜಿನ್ ಮೇಲ್ಭಾಗದ ವಾಲ್ವ್ ಕಡೆಯಿಂದ ಟಕಟಕ ಅನ್ನೋ ಟ್ಯಾಪೆಟ್ ಸದ್ದು ಅರ್ಧ ನಿಮಿಷ ಬಂದು ಹೋದ್ರೆ ಚಿಂತೆ ಇಲ್ಲ. ಗೇರ್ ಬೀಳ್ತಿಲ್ಲ, ಕಟಕಟ ಅನ್ನುತ್ತೆ ಅಂದ್ರೆ ಕ್ಲಚ್ ಪ್ಲೇಟ್ ಇಂಜಿನ್ ಜೊತೆ ತಿರುಗೋ ಫ್ಲೈವೀಲ್ ಚಕ್ರಕ್ಕೆ ಅಂಟಿದೆ. ಇಂಜಿನ್ ಬಿಸಿಯಾಗೋ ತನಕ ಬಿಟ್ಟು ಕ್ಲಚ್ ಹತ್ತಿಪ್ಪತ್ತು ಸಲ ಒತ್ತಿ ಬಿಡ್ರಿ, ಸಾಮಾನ್ಯವಾಗಿ ಬಿಡುತ್ತೆ. ಕಾಂಪೌಂಡ್ ಒಳಗೇ ಎರಡು ಮಾರು ಮುಂದೆ ಹೋಗಿ ಬ್ರೇಕ್ ಹಿಡಿದು ನೋಡಿ, ಆಮೇಲೆ ಗೇಟ್ ದಾಟ್ರಿ. ಮುಂದಿನ ಡಿಸ್ಕಿನ ಮೇಲಿನ ಕೆಂಪು ತುಕ್ಕು ನಾಲ್ಕು ಸಲ ಮೆತ್ತಗೆ ಬ್ರೇಕ್ ಹಿಡಿದ್ರೆ ಹೋಗುತ್ತೆ, ಕರಕರ ಸದ್ದಿಗೆ ಹೆದರಬೇಡ್ರಿ. ಪಂಕ್ಚರ್ ಅಂಗಡೀಲಿ ಟೈರ್ ಗಾಳಿ ಮಾಮೂಲಿಗೆ ತನ್ನಿ, ಸ್ಟೆಪ್ನಿಯದೂ ನೋಡಿಸ್ರಿ. ಅಲ್ಲಿಂದ ಸೀದಾ ಬಂಕ್, 20 ಲೀಟರ್.

ಮೀಟರ್_ಮಾಸ್ತರ್

ಒಂದು ಸೇರಿಸುತ್ತೇನೆ. ಬ್ಯಾಟರಿ ಬಿಚ್ಚಿದ ಮೇಲೆ ಐಡ್ಲಿಂಗ್ ಸ್ವಲ್ಪ ಏರುಪೇರಾಗುತ್ತದೆ, ಒಂದೆರಡು ದಿನ ಓಡಿಸಿದರೆ ಇಸಿಯು ಮತ್ತೆ ಕಲಿಯುತ್ತದೆ. ಪವರ್ ವಿಂಡೋ ಒಂದೇ ಒತ್ತಿಗೆ ಏರದಿದ್ದರೆ ಪೂರ್ತಿ ಮೇಲೆತ್ತಿ ಬಟನ್ ಕೆಲವು ಸೆಕೆಂಡ್ ಹಿಡಿದುಕೊಳ್ಳಿ. ಸ್ಟೀರಿಯೋ ಕೋಡ್ ಕೇಳುವ ಕಾರಾದರೆ ಆ ಕಾರ್ಡ್ ಈಗಲೇ ಹುಡುಕಿಡಿ.

ಬೆಣ್ಣೆದೋಸೆ_17

ಸ್ಟೀರಿಂಗ್‌ಗೆ ಒಂದು ಚೀಟಿ ಕಟ್ತೀನಿ. "ಸೈಲೆನ್ಸರ್‌ನಲ್ಲಿ ಜಾಲರಿ ಇದೆ. ಏರ್ ಫಿಲ್ಟರ್ ಮೂತಿಯಲ್ಲಿ ಜಾಲರಿ ಇದೆ. ಬ್ಯಾಟರಿ ದೇವರ ಕೋಣೆ ಪಕ್ಕ. ಟೈರ್ 42. ಒಂದನೇ ಗೇರಲ್ಲಿದೆ. ಹ್ಯಾಂಡ್‌ಬ್ರೇಕ್ ಹಾಕಿಲ್ಲ." ಏನಾದ್ರೂ ಬಿಟ್ಟಿದೀನಾ?

ಮಂಡಕ್ಕಿ_ಭಟ್ಟಿ

ರಂಗೋಲಿ ಪುಡಿ ಖರ್ಚು ಬರೆದಿಲ್ಲ.

ಹತ್ತುನಂಬರ್_ಪಾನಾ

ಬಿಟ್ಟಿದ್ದೀರಿ. ಬ್ಯಾಟರಿ ಬಿಚ್ಚಿದ ಮೇಲೆ ರಿಮೋಟ್ ಕೆಲಸ ಮಾಡಲ್ಲ. ಚಾವಿ ಕೈಯಲ್ಲಿ ತಿರುಗಿಸಿ ಡ್ರೈವರ್ ಬಾಗಿಲು ತೆಗೆಯೋಕೆ ಬರುತ್ತಾ ಅಂತ ಹೋಗೋ ಮುಂಚೆ ನೋಡ್ರಿ. ವರ್ಷಗಟ್ಟಲೆ ರಿಮೋಟಲ್ಲೇ ತೆಗೆದ ಬೀಗದ ತೂತಿನಲ್ಲಿ ಧೂಳು ಕಟ್ಟಿರುತ್ತೆ, ಗ್ರಾಫೈಟ್ ಪುಡಿ ಊದಿ ಹತ್ತು ಸಲ ತಿರುಗಿಸ್ರಿ. ಬಾನೆಟ್ ಎಳೆಯೋ ಲಿವರ್ ಕಾರಿನ ಒಳಗಿದೆ, ಬಾಗಿಲು ತೆಗೆಯದಿದ್ರೆ ಬ್ಯಾಟರಿ ಹಾಕೋ ದಾರಿಯೇ ಇಲ್ಲ. ಬಾನೆಟ್ ತೆಗೆದೇ ಇಡೋದಾದ್ರೆ ಆ ತಲೆನೋವು ಅರ್ಧ ಕಮ್ಮಿ.

ಮತ್ತೆ, ಹಲವು ಕಾರಲ್ಲಿ ಡಿಕ್ಕಿ ಬೀಗ ಕರೆಂಟಿಂದಲೇ ಬಿಡೋದು. ಹತ್ತು ನಂಬರ್ ಪಾನಾ ಡಿಕ್ಕಿಯಲ್ಲಿ ಹಾಕಿ ಮುಚ್ಚಬೇಡ್ರಿ. ಬ್ಯಾಟರಿ ಪಕ್ಕ, ದೇವರ ಕೋಣೆ ಹತ್ತಿರವೇ ಇರಲಿ.